ಮುಖಕ್ಕೆ ಹದಿನೈದು ಗೆರೆ

ಟೀವಿಯ ಚಿತ್ರವೆಂದರೆ ಪರದೆಯ ಮೇಲೆ ಅಡ್ಡಕ್ಕೆ ಓಡುವ ಆರುನೂರ ಇಪ್ಪತ್ತೈದು ಗೆರೆ, ಅಷ್ಟೇ. ಹಂಪನಕಟ್ಟೆಯಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟ ನನಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಸುಳ್ಳು ಹೇಳಿದೆ.

ಎಂಬತ್ತಾರರ ಸೆಪ್ಟೆಂಬರಿನ ಗಾಳಿಗೆ ಬೆಂಗ್ರೆಯ ಮೀನುಗಾರ ಮುದ್ದು ದೋಣಿ ಸಮೇತ ಕಾಣೆಯಾದ. ಒಬ್ಬನೇ ಹೋಗಿದ್ದ. ಐದನೆಯ ದಿನದ ವಾರ್ತೆಯಲ್ಲಿ, ಉತ್ತರದ ಯಾವುದೋ ಬಂದರಿಗೆ ಬೋಟಿನವರು ಎತ್ತಿ ತಂದ ಮೀನುಗಾರರನ್ನು ತೋರಿಸಿದರು. ರಿಪೇರಿಗೆ ಬಂದ ವಿಸಿಆರ್ ಪರೀಕ್ಷಿಸಲೆಂದು ನಾನು ಆ ವಾರ್ತೆಯನ್ನು ರೆಕಾರ್ಡ್ ಮಾಡಿದ್ದೆ.

ಮರುದಿನ ಬೆಳಿಗ್ಗೆ ಅವನ ತಾಯಿ ಅಮ್ಮಣಿ ಅಂಗಡಿಗೆ ಬಂದರು. ಸಮುದ್ರದಲ್ಲಿ ಹೆಣವೊಂದು ಸಿಕ್ಕಿದೆ, ಬಂದು ಗುರುತಿಸಿ ಎಂದು ಪೊಲೀಸರು ಹೇಳಿಕಳಿಸಿದ್ದರಂತೆ. ವಾರ್ತೆ ನನ್ನ ಹತ್ತಿರ ರೆಕಾರ್ಡ್ ಆಗಿದೆಯೆಂದು ಯಾರಿಂದಲೋ ಕೇಳಿ, ಅಲ್ಲಿಗೆ ಹೋಗುವ ಮೊದಲು ನನ್ನಲ್ಲಿಗೆ ಬಂದಿದ್ದರು.

ಕ್ಯಾಸೆಟ್ ಹಾಕಿ, ಮೀನುಗಾರರು ಕಂಡಲ್ಲಿ ಚಿತ್ರ ನಿಲ್ಲಿಸಿದೆ. ಹಿಂದಿನ ಸಾಲಿನಲ್ಲಿ ಒಬ್ಬ ತೆಳ್ಳಗಿನವನು. ಅವನ ಮುಖಕ್ಕೆ ಸಿಕ್ಕಿದ್ದು ಹೆಚ್ಚೆಂದರೆ ಹದಿನೈದು ಗೆರೆ. ಕಣ್ಣೆರಡು ಮಸಿ, ಬಾಯಿ ಒಂದು ಕಲೆ. ಹತ್ತಿರ ಹೋದಷ್ಟೂ ಮನುಷ್ಯ ಮಾಯವಾಗಿ ಬರೀ ಚುಕ್ಕೆಗಳು ಉಳಿಯುತ್ತಿದ್ದವು.

"ಹುಬ್ಬಿನ ಮೇಲೆ ಗಾಯದ ಗುರ್ತ ಉಂಟಾ ನೋಡಿ ಜಯಪಾಲಣ್ಣ," ಎಂದು ಅಮ್ಮಣಿ ಗಾಜನ್ನು ಸವರಿದರು.

ಆ ಗುರುತು ಒಂದು ಗೆರೆಗಿಂತ ಸಪೂರ. ಇದ್ದರೂ ಈ ಚಿತ್ರದಲ್ಲಿ ಕಾಣದು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಕೆಯ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ; ಮೇಲಿಂದ ಎಲ್ಲ ಬಲ್ಲವನೆಂಬ ಜಂಬ ಬೇರೆ. ಕಾಂಟ್ರಾಸ್ಟ್ ಗುಂಡಿ ತಿರುಗಿಸಿದೆ. ಹುಬ್ಬಿನ ಜಾಗದಲ್ಲಿ ಬಿಳಿ ಚುಕ್ಕೆಯೊಂದು ಎದ್ದಿತು. ಅದು ಹಳೆಯ ಕ್ಯಾಸೆಟ್ಟಿನ ದೋಷ.

"ಉಂಟು ಅಮ್ಮಣಿಯಕ್ಕ. ಅವನೇ," ಎಂದೆ.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಕಡ್ಡಿಯೂ ಇಲ್ಲದಲ್ಲಿ ನಾನು ಕಡ್ಡಿ ತೋರಿಸಿದ್ದೆ. ಅಮ್ಮಣಿ ಹೆಣ ನೋಡಲು ಹೋಗಲಿಲ್ಲ. "ನನ್ನ ಮಗ ಟೀವಿಯಲ್ಲಿದ್ದಾನೆ, ಅದು ಯಾರದ್ದೋ," ಎಂದು ಪೊಲೀಸರನ್ನು ವಾಪಸು ಕಳಿಸಿದರು. ಕೇರಿಯವರೂ ಯಾರೂ ಹೋಗಲಿಲ್ಲ. ಮೂರು ದಿನ ಕಾದು, ವಾರಸುದಾರರಿಲ್ಲವೆಂದು ಬರೆದು ಹೆಣ ಸುಟ್ಟರು.

ಮಾರನೆಯ ದಿನ ಬದುಕಿದವರ ಹೆಸರಿನ ಪಟ್ಟಿ ಬಂತು. ಅದರಲ್ಲಿ ಮುದ್ದು ಇರಲಿಲ್ಲ.

ಅಮ್ಮಣಿ ಪೊಲೀಸರಿಂದ ಹೆಣದ ಫೋಟೋ ಕೇಳಿ ತಂದು ನನ್ನ ಮೇಜಿನ ಮೇಲಿಟ್ಟರು. ಹತ್ತಿರದಿಂದ ತೆಗೆದದ್ದು. ಮುಖ ಊದಿತ್ತು, ಆದರೂ ಹುಬ್ಬಿನ ಮೇಲಿನ ಗಾಯ, ಅದರ ಹೊಲಿಗೆಯ ಗುರುತು ಕೂಡ, ಬೇಡವೆಂದರೂ ಕಾಣುತ್ತಿತ್ತು.

ಬೈಯುತ್ತಾರೆಂದು ಕಾದೆ. ಬೈಯಲಿ ಎಂದು ಬೇಡಿಕೊಂಡೆ.

"ಅವತ್ತು ಹೇಳಿದ ಹಾಗೆ ಇವತ್ತೂ ಹೇಳಿ ಅಣ್ಣ," ಎಂದರು ಅಮ್ಮಣಿ. "ಇದು ಅವ ಅಲ್ಲ ಅಂತ ಹೇಳಿ."