ಎರಡನೇ ಸುತ್ತು

ನನ್ನ ದಯಾನಂದ ಮಾವ ಹರೆಯದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದರು. ಒಬ್ಬರನ್ನೇ ದೂರ ಹಾರಲು ಬಿಟ್ಟ ದಿನ, ಹೇಳಿದ ದಾರಿ ಬಿಟ್ಟು, ಅಮ್ಮನಿಗೆ ತೋರಿಸಲೆಂದು ಸಿದ್ಧಕಟ್ಟೆಯ ಮನೆಯ ಮೇಲೆ ತಗ್ಗಿ ಹಾರಿದರು. ಅಂಗಳದಿಂದ ಅವರ ಅಮ್ಮ, ನಮ್ಮ ಸೇಸಮ್ಮಜ್ಜಿ, ಮೈ ಒರೆಸುವ ಬೈರಾಸು ಬೀಸಿದರು. ಅಮ್ಮನಿಗೆ ಗುರುತು ಸಿಕ್ಕಿತೆಂದು ಹಿಗ್ಗಿ ಮಾವ ಇನ್ನಷ್ಟು ತಗ್ಗಿ ಎರಡನೇ ಸುತ್ತು ಬಂದರು. ರೆಕ್ಕೆ ತೆಂಗಿಗೆ ತಾಗಿ ವಿಮಾನ ಗದ್ದೆಗೆ ಬಿತ್ತು. ಮುರಿದ ಕಾಲು ಕೂಡಿತು, ಹಾರಾಟ ನಿಂತಿತು. ವರದಿಯಲ್ಲಿ ಕಾರಣ ಎರಡೇ ಶಬ್ದ: ಚಾಲಕನ ತಪ್ಪು.

ಮಾವ ಅದನ್ನು ಅಲ್ಲಗಳೆದವರಲ್ಲ. ಮೂಡುಬಿದಿರೆಯಲ್ಲಿ ಗಣಿತದ ಮಾಸ್ಟ್ರಾಗಿ, ಅಮ್ಮ ಗುರುತಿಸಿದರಲ್ಲ ಎಂಬ ಒಂದೇ ಸಮಾಧಾನದಲ್ಲಿ ನಲುವತ್ತು ವರ್ಷ ಕಳೆದರು.

ಮೊನ್ನೆ, ತೊಂಬತ್ತು ದಾಟಿದ ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಕಾಯುತ್ತಿದ್ದಾಗ, ಮಾವ ನನ್ನೆದುರೇ ಕೇಳಿಬಿಟ್ಟರು: "ಅಮ್ಮ, ಅಷ್ಟು ಮೇಲಿದ್ದದ್ದು ನಾನೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಯಾರಿಗೆ ಗೊತ್ತಾದದ್ದು ಮಾರಾಯ? ನಾನು ಹಪ್ಪಳಕ್ಕೆ ಬಂದ ಕಾಗೆ ಓಡಿಸ್ತಾ ಇದ್ದೆ."

ಮಾವನ ಮುಖ ನೋಡಲಾಗಲಿಲ್ಲ. ನಲುವತ್ತು ವರ್ಷದ ಸಮಾಧಾನವನ್ನು ಕಾಗೆ ಕಚ್ಚಿಕೊಂಡು ಹೋಗಿತ್ತು.

ಅಜ್ಜಿ ಹಪ್ಪಳ ಮಗುಚುತ್ತಾ ಮುಂದುವರಿಸಿದರು: "ಎರಡನೇ ಸಲ ಬಂದಾಗ ಗೊತ್ತಾಯ್ತು. ಓಡಿಸಿದ ಮೇಲೂ ತಿರುಗಿ ಬರುವವನು ನಮ್ಮಲ್ಲಿ ನೀನೊಬ್ಬನೇ. ಆಗ ಬೈರಾಸು ಬಿಸಾಡಿ ಎರಡೂ ಕೈ ಎತ್ತಿ ಕರೆದೆ. ನೀನು ನೋಡಲಿಲ್ಲವಾ?"

ಆ ಹೊತ್ತಿಗೆ ತೆಂಗಿನ ಗರಿಗಳ ಹೊರತು ಏನೂ ಕಂಡಿರಲಿಲ್ಲವೆಂದು ನನ್ನಲ್ಲಿ ಹತ್ತು ಸಲ ಹೇಳಿದ್ದ ಮಾವ, "ನೋಡಿದೆ ಅಮ್ಮ" ಎಂದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ಹಪ್ಪಳ ಮಗುಚತೊಡಗಿದರು.