ದಾನವ್ವನ ಫೋನಿನಲ್ಲಿ ಅವ್ವನ ಹಾಡು

ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ಬೆಳಗಾಯಿತೆಂದರೆ ದಾನವ್ವ ರೊಟ್ಟಿ ಬಡಿಯುವ ಸಪ್ಪಳ. ಬಡಿಯುತ್ತಲೇ ಮೊಬೈಲಿನಲ್ಲಿ ತೀರಿಹೋದ ಅವ್ವ ನಾಗವ್ವನ ಬೀಸುವ ಹಾಡು ಹಚ್ಚುವಳು. ಒಳಗಿನಿಂದ ಗಂಡ ಶಿವಪುತ್ರಪ್ಪ, "ಬಂದಳಪಾ ನಮ್ಮತ್ತಿ! ಸ್ವಲ್ಪ ಸಣ್ಣಗ ಹಾಡಂತ ಹೇಳ ಅಕೀಗಿ" ಎಂದು ಕೂಗುವನು. "ನಿಮ್ಮ ಕಿವಿಗೆ ಬಿತ್ತಲ್ಲ, ಅದ ಪುಣ್ಯಾ ಅನ್ಕೊಳ್ರಿ" ಎಂದು ಆಕೆ ಜಾಡಿಸುವಳು. ವಿಜಯಪುರ ಬಿಟ್ಟು ಮುಂಬಯಿಗೆ ಬಂದಾಗಿನಿಂದ ಈ ಜಗಳವಿಲ್ಲದೆ ಇಬ್ಬರಿಗೂ ಚಹಾ ಇಳಿಯುತ್ತಿರಲಿಲ್ಲ.

ಹೋದ ವಾರ ಶಿವಪುತ್ರಪ್ಪನ ಕಿವಿಯ ಮಷೀನು ಕೆಟ್ಟಿತು. ಜಗಳವೂ ನಿಂತಿತು. ಅವ್ವ ಹಾಡಿದರೂ ಮನುಷ್ಯ ಗೋಡೆ ನೋಡುತ್ತ ಕೂತಿರುವನು. ಮಾತಾಡಿಸಿದರೆ "ಹೂಂ" ಎಂದು ಸುಳ್ಳೇ ನಗುವನು. ಆ ನಗು ನೋಡಲಾರದೆ ದಾನವ್ವ ಮಷೀನು ರಿಪೇರಿಗೆ ಹಾಕಲು ಫೋನು ತೆಗೆದಳು.

ರಿಪೇರಿಗೆ ಕಂಪನಿಯ ವೆಬ್‌ಸೈಟಿನಲ್ಲೇ ಹೆಸರು ಹಚ್ಚಬೇಕು. ತೆರೆದರೆ ಮೇಲೊಂದು ಕಂಪನಿಯ ಹೆಸರು, ಕೆಳಗೆಲ್ಲ ಬೆಳ್ಳಗೆ. ಎಲ್ಲೋ ಒಂದು ಬಟನ್ ಕಂಡಿತು, ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ.

ದಾನವ್ವ ಸೀದಾ ಪಕ್ಕದ ಮನೆಯ ವಿಜೇತಾಳ ಹತ್ತಿರ ಹೋದಳು. ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಮುಂಬಯಿಯಲ್ಲಿ. ಪವಾಯಿಯ ಆಫೀಸಿನಲ್ಲಿ ಅವಳದು ವೆಬ್‌ಸೈಟ್ ಪರೀಕ್ಷಿಸುವ ಕೆಲಸ.

"ಕಂಪನಿಯವ್ರು ಬಾಗಲಾ ಹಾಕ್ಕೊಂಡು ಓಡಿಹೋಗ್ಯಾರ ನೋಡವಾ! ಹುಡುಕಿದ್ರ ಬ್ಯಾರೆ ಒಂದು ನಂಬರ ಸಿಕ್ಕೈತಿ. ಅದಕ್ಕ ಫೋನ್ ಹಚ್ಲೇನು?"

"ಅಯ್ಯೋ ಬೇಡ ಆಂಟಿ! ಎಲ್ಲೋ ಸಿಕ್ಕಿದ ನಂಬರ್ ನಂಬಬೇಡಿ, ಚೋರ್ ಲೋಗ್ ಸಹ ಹಾಗೇ ನಂಬರ್ ಹಾಕಿಡ್ತಾರೆ. ಕೊಡಿ, ನೋಡ್ತೇನೆ." ಫೋನು ನೋಡಿ ವಿಜೇತಾ ನಕ್ಕಳು. "ಕಂಪನಿ ಸರಿ ಉಂಟು. ನಿಮ್ಮ ಬ್ರೌಸರ್ ಬಹುತ್ ಪುರಾನಾ, ತುಂಬಾ ಹಳತು."

"ಅದ್ಯಾವ ಪ್ರಾಣಿನವಾ?"

"ವೆಬ್‌ಸೈಟ್ ತೆರೆದು ತೋರಿಸುವ ಆ್ಯಪ್. ಚಷ್ಮಾ ನಂಬರ್ ಹಳತಾದ್ರೆ ಪೇಪರ್ ಕಾಣುವುದಿಲ್ಲ, ಅಲ್ವಾ? ಅದು ಪೇಪರಿನ ತಪ್ಪಾ? ಇದೂ ಹಾಗೇ. ಬ್ರೌಸರ್ ಅಪ್‌ಡೇಟ್ ಮಾಡುವ."

ಅಪ್‌ಡೇಟ್ ಎಂಬ ಮಾತು ಬಿದ್ದದ್ದೇ ತಡ, ದಾನವ್ವ ಫೋನು ಕಸಿದು ಸೆರಗಿನೊಳಗೆ ಮುಚ್ಚಿಕೊಂಡಳು. "ಬ್ಯಾಡವ್ವಾ! ಇದರಾಗ ನಮ್ಮವ್ವ ಅದಾಳ!"

ಅಪ್‌ಡೇಟ್ ಮಾಡಿದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಯಾರೋ ಹೇಳಿದ್ದು ಆಕೆಯ ತಲೆಯಲ್ಲಿ ಕೂತುಬಿಟ್ಟಿತ್ತು. ಅಪ್‌ಡೇಟ್ ಮಾಡಲೇ ಎಂದು ಫೋನು ಕೇಳಿದಾಗಲೆಲ್ಲ ಬೇಡ ಬೇಡ ಎಂದೇ ಒತ್ತುತ್ತ ಬಂದಿದ್ದಳು. ಅವ್ವನ ದನಿ ಮತ್ತೆಲ್ಲೂ ಇರಲಿಲ್ಲ. ಅತ್ತ ಅವ್ವ, ಇತ್ತ ಗಂಡ. ಪಾಪ, ಯಾರನ್ನು ಬಿಟ್ಟಾಳು?

"ಹಂಗಾರ ನಿನ್ನ ಫೋನಿನ್ಯಾಗ ಹೆಸರು ಹಚ್ಚಿಕೊಟ್ಟಬಿಡವಾ."

"ಇವತ್ತು ಮಾಡಬಹುದು ಆಂಟಿ. ನಾಳೆ ನಾನು ಆಫೀಸಲ್ಲಿ ಇದ್ರೆ? ಕೇಳಿ, ಬ್ರೌಸರ್ ಅಪ್‌ಡೇಟ್ ಮಾಡಿದ್ರೆ ಹಾಡು ಹೋಗುವುದಿಲ್ಲ. ಎಲ್ಲಾ ಅಳಿಸುವುದು ರೀಸೆಟ್, ಅದು ಬೇರೆ. ಆದ್ರೂ ನಿಮಗೆ ಹೆದರಿಕೆ ಅಲ್ವಾ? ಮೊದಲು ಹಾಡೆಲ್ಲ ನನ್ನ ಫೋನಿಗೂ ಕಳಿಸುವ. ಅಜ್ಜಿ ಎರಡು ಮನೆಯಲ್ಲಿ ಇರ್ಲಿ."

ಆ ಮಾತಿಗೆ ದಾನವ್ವ ಕರಗಿದಳು. ವಿಜೇತಾಳ ಫೋನಿನಲ್ಲಿ ಅವ್ವ ಹಾಡಿದ್ದನ್ನು ಕಿವಿಯಾರೆ ಕೇಳಿದ ಮೇಲೇ ತನ್ನ ಫೋನು ಕೊಟ್ಟಳು. ವಿಜೇತಾ ಫೋನಿನ ಆ್ಯಪ್ ಅಂಗಡಿಯಿಂದಲೇ ಬ್ರೌಸರ್ ಅಪ್‌ಡೇಟ್ ಮಾಡಿದಳು. ಮತ್ತೆ ತೆರೆದರೆ, ಬೆಳ್ಳಗಿದ್ದಲ್ಲಿ ಚಿತ್ರ, ಅಕ್ಷರ, ಎಲ್ಲ ತುಂಬಿಕೊಂಡವು.

"ಈಗ ನೀವೇ ಒತ್ತಿ. ಮೂಲೆಯಲ್ಲಿ ಮೂರು ಗೆರೆ ಕಾಣ್ತದಾ? ಅದು ಮೆನು. ಅದರೊಳಗೆ ಸರ್ವಿಸ್. ಮತ್ತೆ ಸಿಕ್ಕಿಹಾಕ್ಕೊಂಡ್ರೆ ಪೇಜಿನ ಕೆಳಗೆ ಹೋಗಿ, ಹೆಲ್ಪ್ ಅಂತ ಉಂಟು. ಕಂಪನಿಯ ಅಸಲಿ ನಂಬರ್ ಅಲ್ಲೇ."

"ಅಯ್ಯ ಶಿವನ, ಇಲ್ಲೇ ಅಡಗಿ ಕುಂತಿತ್ತೇನು! ಕುಣೀಲಾರದಾಕಿ ನೆಲಾ ಡೊಂಕ ಅಂದಂಗಾತಲ್ಲ ನಂದು!" ದಾನವ್ವ ತಾನೇ ಒತ್ತಿ, ತಾನೇ ಗಂಡನ ಹೆಸರು ಹಚ್ಚಿದಳು. ಮನೆಗೆ ಹೋಗಿ ಮೊದಲು ಮಾಡಿದ ಕೆಲಸ, ಅವ್ವನ ಹಾಡು ಹಾಕಿ ನೋಡಿದ್ದು. ಅವ್ವ ಇದ್ದಳು.

ಮಷೀನು ರಿಪೇರಿಯಾಗಿ ಬಂದ ಮರುದಿನ ಬೆಳಿಗ್ಗೆ ದಾನವ್ವ ರೊಟ್ಟಿ ಬಡಿಯುತ್ತ ಅಳುಕುತ್ತಲೇ ಹಾಡು ಹಚ್ಚಿದಳು. ಒಳಗಿನಿಂದ ಕೇಳಿಸಿತು:

"ಬಂದಳಪಾ ನಮ್ಮತ್ತಿ! ಸ್ವಲ್ಪ ಸಣ್ಣಗ ಹಾಡಂತ ಹೇಳ ಅಕೀಗಿ!"

ದಾನವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಉತ್ತರ ಬಾರದ್ದಕ್ಕೆ ಶಿವಪುತ್ರಪ್ಪ ಇನ್ನಷ್ಟು ಗಟ್ಟಿಯಾಗಿ ಕೂಗಿದ: "ಏ ದಾನವ್ವಾ! ಕಿವಿ ಕೇಳಿಸವಲ್ದೇನ ನಿನಗ?"

ಅಕ್ಕಂದಿರೇ, ಅಣ್ಣಂದಿರೇ, ವೆಬ್‌ಸೈಟ್ ತೆರೆಯದಿದ್ದರೆ ಕಂಪನಿಯನ್ನು ಬೈಯುವ ಮೊದಲು ನಿಮ್ಮ ಬ್ರೌಸರ್ ಹಳತಾಗಿದೆಯೇ ನೋಡಿ. ದಾರಿ ತಪ್ಪಿದರೆ ಮೂರು ಗೆರೆ ಒತ್ತಿ, ಇಲ್ಲವೇ ಪೇಜಿನ ಕೆಳಗಿನ ಹೆಲ್ಪ್‌ನಲ್ಲಿ ಸಹಾಯ ಕೇಳಿ. ಗೊತ್ತಿಲ್ಲದ ನಂಬರಿಗೆ ಮಾತ್ರ ಕರೆ ಮಾಡಬೇಡಿ. ನಿಮ್ಮ ಫೋನಿನಲ್ಲೂ ಒಬ್ಬ ಅವ್ವ ಹಾಡುತ್ತಿದ್ದರೆ, ಆಕೆಗೆ ಇವತ್ತೇ ಇನ್ನೊಂದು ಮನೆ ಮಾಡಿಕೊಡಿ. ಆಮೇಲೆ ಧೈರ್ಯವಾಗಿ ಅಪ್‌ಡೇಟ್ ಒತ್ತಿ.