ವಾಷರ್ ಬೆನ್ನಿನ ಗಂಟು

ಬೆಕ್ಕಿಗೆ ಇಂಜೆಕ್ಷನ್ ಹಾಕಿಸಿದ್ದು ಜಹೀರಾ, ಹೆದರಿ ಕಂಗಾಲಾದದ್ದು ಗಂಡ ಅಬ್ದುಲ್ ಮಜೀದರು. ಆಲ್ದೂರಿನಲ್ಲಿ ಹುಚ್ಚುನಾಯಿಯ ಸುದ್ದಿ ಹಬ್ಬಿದ್ದೇ ತಡ, ಆಕೆ ಬೆಕ್ಕು ವಾಷರನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಆವತ್ತಿಡೀ ಬೆಕ್ಕು ಮಂಕಾಗಿ ಮಲಗಿತ್ತು. ಮರುದಿನ ಬೆನ್ನು ಸವರುವಾಗ ಹೆಗಲ ಬಳಿ, ಚರ್ಮದಡಿಯಲ್ಲಿ, ಅಡಿಕೆಯಷ್ಟು ದಪ್ಪದ ಗಂಟೊಂದು ಮಜೀದರ ಕೈಗೆ ಸಿಕ್ಕಿತು. ಅವರ ಜೀವ ಬಾಯಿಗೆ ಬಂತು.

ಬಸ್ ಸ್ಟ್ಯಾಂಡಿನ ಹಿಂದೆ ಅವರದ್ದೊಂದು ಜೀಪು ರಿಪೇರಿ ಗ್ಯಾರೇಜಿತ್ತು. ಹೊಸ ಗಾಡಿಗಳೆಲ್ಲ ಚಿಕ್ಕಮಗಳೂರಿನ ಶೋರೂಮಿನ ದಾರಿ ಹಿಡಿದವು, ಮಜೀದರ ಮಂಡಿಯೂ ಕೈಕೊಟ್ಟಿತು. ಈಗ ಅಲ್ಲಿ ಮೊಬೈಲ್ ಅಂಗಡಿ. ಗ್ಯಾರೇಜಿನಿಂದ ಮನೆಗೆ ಬಂದ ಜೀವ ಎಂದರೆ ಈ ಬೆಕ್ಕೊಂದೇ. ಜೀಪಿನ ಬಾನೆಟ್ಟಿನೊಳಗೆ ಸುರುಳಿ ಸುತ್ತಿ ಮಲಗಿದ್ದ ಮರಿಗೆ ವಾಷರ್ ಎಂದು ಹೆಸರಿಟ್ಟವರು ಬೆಳ್ಳಿಯಪ್ಪ, ವಸ್ತಾರೆ ಕಡೆಯ ಕಾಫಿ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರು.

ಡಾಕ್ಟರು ಫೋನಿನಲ್ಲಿ ಸಮಾಧಾನ ಹೇಳಿದರು. ಲಸಿಕೆ ಹಾಕಿದ ಜಾಗ ಹೀಗೆ ಗಂಟು ಕಟ್ಟುವುದುಂಟು, ತಾನಾಗೇ ಕರಗುತ್ತದೆ, ಹಿಸುಕಬೇಡಿ, ಶಾಖ ಕೊಡಬೇಡಿ. ದೊಡ್ಡದಾಗುತ್ತಾ ಹೋದರೆ, ಇಲ್ಲವೇ ತಿಂಗಳು ಕಳೆದರೂ ಕರಗದಿದ್ದರೆ ತನ್ನಿ, ನೋಡೋಣ.

ಆದರೆ ದೊಡ್ಡದಾಯಿತೋ ಸಣ್ಣದಾಯಿತೋ ತಿಳಿಯುವುದು ಹೇಗೆ? ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ ಮಜೀದರ ಬೆರಳುಗಳು ಕಬ್ಬಿಣ ತಿರುವಿ ತಿರುವಿ ಜಡ್ಡುಗಟ್ಟಿದ್ದವು. ಬೆಳಿಗ್ಗೆ ಸಣ್ಣದೆನಿಸಿದ್ದು ಮಧ್ಯಾಹ್ನಕ್ಕೆ ದೊಡ್ಡದೆನಿಸುತ್ತಿತ್ತು.

"ರೈಟ್ರನ್ನ ಕರೀರಿ. ಜೀವಮಾನವಿಡೀ ಕಾಫಿ ಬೀಜ ಮುಟ್ಟಿ ನೋಡಿದ ಕೈ ಅದು," ಎಂದಳು ಜಹೀರಾ.

ಕರೆದರೆ ಸಾಕಿತ್ತು, ಬೆಳ್ಳಿಯಪ್ಪ ಮರುದಿನದ ಮೊದಲ ಬಸ್ಸಿಗೇ ಬಂದರು. ಗ್ಯಾರೇಜು ಮುಚ್ಚಿದ ಮೇಲೆ ಅವರು ಈ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅದಕ್ಕೆ ಮುನಿಸು ಕಾರಣವಲ್ಲ. ಕೆಲಸವಿಲ್ಲದೆ ಇನ್ನೊಬ್ಬರ ಮನೆಗೆ ಹೋಗಿ ಕೂರುವುದು ಈ ಇಬ್ಬರು ಗಂಡಸರಿಗೂ ಬರುತ್ತಿರಲಿಲ್ಲ, ಅಷ್ಟೇ. ಎಸ್ಟೇಟ್ ಜೀಪು ಕೆಟ್ಟರೆ ಸ್ನೇಹ, ಕೆಡದಿದ್ದರೆ ಬಸ್ಸಿನ ಕಿಟಕಿಯಿಂದ ಕೈಬೀಸುವುದು. ಬೆಳ್ಳಿಯಪ್ಪನವರಿಗೂ ಕೆಲಸದಿಂದ ನಿವೃತ್ತಿಯಾಗಿ, ಆ ಜೀಪೂ ಗುಜರಿಗೆ ಹೋಗಿ, ಕೈಬೀಸುವುದಷ್ಟೇ ಉಳಿದಿತ್ತು.

ಅವರು ಕಣ್ಣುಮುಚ್ಚಿ, ಎರಡು ಬೆರಳಲ್ಲಿ ಮೆಲ್ಲಗೆ ಗಂಟನ್ನು ಮುಟ್ಟಿದರು. "ಅಡಿಕೆ ಅಲ್ಲ ಮಾರಾಯ್ರೆ, ಕಾಫಿ ಹಣ್ಣಿನಷ್ಟಿದೆ. ನಾಳೆ ನೋಡುವ."

ಹೀಗೆ ದಿನವೂ ನೋಡುವುದಾಯಿತು. ಗಂಟು ನೋಡುವುದಕ್ಕೆ ಒಂದು ಚಿಟಿಕೆ ಹೊತ್ತು, ಮಾತಿಗೆ ಇಡೀ ಬೆಳಗು. ಕೊಯ್ಲಿನ ಕಾಲದಲ್ಲಿ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದ ಜೀಪುಗಳು ಮಾತಿನಲ್ಲಿ ಮತ್ತೆ ಬಂದು ನಿಂತವು. ಮಗುಚಿಟ್ಟ ಡ್ರಮ್ಮಿನ ಮೇಲೆ ಕೂತು ಕಾಫಿ ಹೂವರಳಿಸುವ ಹೂಮಳೆಯ ದಾರಿ ಕಾಯುತ್ತಿದ್ದದ್ದು, ಕುದುರೆಮುಖದ ಘಾಟಿಯಲ್ಲಿ ಆಕ್ಸೆಲ್ ಮುರಿದು ಇಬ್ಬರೂ ಒಂದೇ ಟಾರ್ಪಾಲಿನಡಿ ನಡುಗಿದ್ದು, ಎಲ್ಲ ಬಂತು. ಮಜೀದರು ಇಷ್ಟು ನಕ್ಕದ್ದನ್ನು ಜಹೀರಾ ಬಹಳ ದಿನಗಳಿಂದ ಕಂಡಿರಲಿಲ್ಲ. ಬೆಕ್ಕು ಮಾತ್ರ ಇವರ ಕಾಟಕ್ಕೆ ಬೇಸತ್ತು ಬೀರುವಿನಡಿ ಅಡಗುವುದನ್ನು ಕಲಿಯಿತು.

ಕಾಫಿ ಹಣ್ಣಿನಷ್ಟಿದ್ದದ್ದು ಬೀಜದಷ್ಟಾಯಿತು. ಬೀಜದಷ್ಟಿದ್ದದ್ದು ಕಾಳುಮೆಣಸಿನಷ್ಟಾಯಿತು. ಬೆಕ್ಕು ಗೆಲುವಾಗಿತ್ತು. ಆದರೆ ಗಂಟು ಕರಗಿದಷ್ಟೂ ಮಜೀದರ ಎದೆ ಭಾರವಾಯಿತು. ಇದು ಪೂರ್ತಿ ಹೋದ ಮೇಲೆ ರೈಟರು ಯಾಕೆ ಬಂದಾರು? ಸುಮ್ಮನೆ ಬನ್ನಿ ಎಂದು ಕರೆಯಲು ಬಾಯಿ ಬರಬೇಕಲ್ಲ. ಹಾಳು ಸಂಕೋಚ.

ಒಂದು ಬೆಳಿಗ್ಗೆ ಸವರಿದರೆ ಏನೂ ಸಿಗಲಿಲ್ಲ. ಸಣ್ಣದು ದೊಡ್ಡದು ತಿಳಿಯದ ಬೆರಳಿಗೂ ಇಲ್ಲದ್ದು ತಿಳಿಯುತ್ತದೆ. ಜಹೀರಾಳೂ ಮುಟ್ಟಿ ನೋಡಿ, ಗಂಡನ ಮುಖ ನೋಡಿ, ಒಳಗೆ ಹೋದಳು.

ಬೆಳ್ಳಿಯಪ್ಪ ಬಂದರು. ಚಪ್ಪಲಿ ಬಿಟ್ಟು, ಕನ್ನಡಕ ಜೇಬಿಗೆ ಹಾಕಿ, ಎಂದಿನಂತೆ ಕಣ್ಣುಮುಚ್ಚಿ ವಾಷರ್ ಬೆನ್ನ ಮೇಲೆ ಬೆರಳಿಟ್ಟರು. ಇಟ್ಟ ಬೆರಳು ಅಲ್ಲೇ ಬಹಳ ಹೊತ್ತು ಅತ್ತಿತ್ತ ಹುಡುಕಿತು. ಮಜೀದರು ನೆಲ ನೋಡುತ್ತಾ ನಿಂತಿದ್ದರು.

"ಇನ್ನೂ ಒಂಚೂರು ಇದೆ ಸಾಬ್ರೆ," ಎಂದರು ಬೆಳ್ಳಿಯಪ್ಪ, ಕಣ್ಣು ತೆರೆಯದೆಯೇ. "ಸಾಸಿವೆಯಷ್ಟು. ನಾಳೆ ಒಂದ್ಸಲ ನೋಡ್ಬೇಕಾಗ್ತದೆ."

ಮಜೀದರು ತಲೆಯೆತ್ತಿದರು.

"ಹೌದು ರೈಟ್ರೆ," ಎಂದರು, "ಬೆಳಿಗ್ಗೆ ನನ್ನ ಕೈಗೂ ಸಿಕ್ತು."

ಒಳಗಿನಿಂದ ಜಹೀರಾ ಎರಡು ಲೋಟ ಚಹಾ ತಂದಿಟ್ಟಳು.